ಅಕ್ಕ, ನಾನು ಮತ್ತು ಬಗ್ಗಡದ ನೀರು

ಮಾತು ಬಿಡುವುದು ಸುಲಭ, ಬಿಟ್ಟದ್ದನ್ನು ಕಾಪಾಡಿಕೊಂಡು ಹೋಗುವುದೇ ಕಷ್ಟ. ಅದರಲ್ಲೂ ಮಾತು ಬಿಟ್ಟವರು ಒಂದೇ ಮನೆಯಲ್ಲಿ ಕೆಳಗೊಬ್ಬರು ಮೇಲೊಬ್ಬರು ಇದ್ದು, ಇಬ್ಬರೂ ಹುಟ್ಟಾ ಮಾತುಗಾರರಾಗಿದ್ದರೆ ಆ ಕಷ್ಟ ಶತ್ರುವಿಗೂ ಬೇಡ. ಚಾಮರಾಜಪೇಟೆಯ ನಮ್ಮಪ್ಪನ ಮನೆಯಲ್ಲಿ ಕೆಳಗೆ ನಾನು ಮತ್ತು ನಮ್ಮ ಯಜಮಾನರು, ಮಹಡಿಯಲ್ಲಿ ನಮ್ಮಕ್ಕ. ಅಕ್ಕ ಹೈಸ್ಕೂಲಿನಲ್ಲಿ ಸೈನ್ಸ್ ಮಿಸ್ ಆಗಿದ್ದು ರಿಟೈರಾದವಳು. ಕೆಲಸ ಬಿಟ್ಟರೂ ತಿದ್ದುವುದನ್ನು ಬಿಟ್ಟಿಲ್ಲ. ನಮ್ಮ ಸೋದರತ್ತೆಯ ಮೊಮ್ಮಗಳ ಮದುವೆಯಲ್ಲಿ, ಊಟದ ಪಂಕ್ತಿಗೆಲ್ಲ ಕೇಳುವಂತೆ ನಾನೊಂದು ತಮಾಷೆಯ ಪ್ರಸಂಗ ಹೇಳುತ್ತಿದ್ದೆ. "ಅದು ಮಂಗಳವಾರ ಅಲ್ಲ ಕಣೇ, ಬುಧವಾರ" ಎಂದು ನಡುನಡುವೆ ತಿದ್ದುತ್ತಲೇ ಬಂದ ಅಕ್ಕ, ಕೊನೆಗೆ ನಗು ಬರಬೇಕಾದ ಮಾತನ್ನು ನನಗಿಂತ ಮೊದಲು ತಾನೇ ಹೇಳಿಬಿಟ್ಟಳು. ಪಂಕ್ತಿಯೆಲ್ಲ ನಕ್ಕಿತು. ಅಡುಗೆ ಮಾಡಿದ್ದು ನಾನು, ಬಡಿಸಿ ಹೊಗಳಿಸಿಕೊಂಡದ್ದು ಅವಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಮಾತಿಲ್ಲ ಅಂದರೆ ಸದ್ದಿಲ್ಲ ಎಂದಲ್ಲ. ಅವಳು ಮೆಟ್ಟಿಲ ಮೇಲೆ ನಿಂತು, "ಶ್ರೀನಿವಾಸ್, ಯಾರೋ ಮೋಟ್ರು ಹಾಕಿ ಮರ್ತಿದಾರೆ, ಸ್ವಲ್ಪ ನೋಡಿ" ಎಂದು ನಮ್ಮ ಯಜಮಾನರಿಗೆ ಕೂಗಿ ಹೇಳುವಳು. ನಾನು ಅಡುಗೆಮನೆಯಿಂದಲೇ, "ರೀ, ಯಾರೂ ಮರ್ತಿಲ್ಲ, ಈಗಿನ್ನೂ ಹಾಕಿದ್ದು ಅಂತ ಮೇಲಿನವರಿಗೆ ಹೇಳಿ" ಎನ್ನುವೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಅಕ್ಕತಂಗಿಯರ ಜಗಳದಲ್ಲಿ ಬಡವಾದದ್ದು ನನ್ನ ಗಂಡ. ಪಾಪ, ಅವರು ಬರಬರುತ್ತಾ ನಮ್ಮ ಮಾತುಗಳನ್ನು ಸೋಸತೊಡಗಿದರು. ಜಗಳದ ವಾಸನೆ ಬಂದದ್ದನ್ನೆಲ್ಲ ತಮ್ಮಲ್ಲೇ ಉಳಿಸಿಕೊಂಡು, "ಊಟ ಆಯ್ತಂತೆ" ಎನ್ನುವಂಥ ತಿಳಿಮಾತನ್ನಷ್ಟೇ ಆಚೀಚೆ ಸಾಗಿಸುತ್ತಿದ್ದರು. ನಿಜ ಹೇಳುತ್ತೇನೆ, ಅಕ್ಕನ ಮಾತಿಲ್ಲದೆ ನನಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಅವರೆಕಾಯಿ ಕಾಲ ಬಂದರೂ ವಿ.ವಿ. ಪುರದ ತಿಂಡಿ ಬೀದಿಗೆ ಹೋಗುವ ಮನಸ್ಸಿಲ್ಲ. ಯಜಮಾನರ ಜೊತೆ ಹೋದರೆ ಪ್ರತಿ ಗಾಡಿಯ ಮುಂದೂ "ಎಣ್ಣೆ ಜಾಸ್ತಿ" ಅನ್ನುತ್ತಾರೆ. ಆದರೂ ಮೊದಲು ಮಾತಾಡಿದವರು ಸೋತಂತೆ, ಮತ್ತು ಸೋಲುವುದು ನಮ್ಮ ವಂಶದಲ್ಲೇ ಇಲ್ಲ.

ಹೀಗಿರುವಾಗ ಯಾರೋ ನಮ್ಮ ರಸ್ತೆ ಅಗೆದರು. ಅಗೆದ ಮಾರನೆಯ ದಿನ ನಲ್ಲಿಯಲ್ಲಿ ಬಂದ ನೀರು ಟೀ ಬಣ್ಣಕ್ಕಿತ್ತು. ಸಂಪು ತುಂಬ ಬಗ್ಗಡ. ತಾನಾಗಿ ಕೆಳಗೆ ಕೂರುತ್ತದೆಂದು ಕಾದರೆ ಕೂರಲಿಲ್ಲ. ಆ ಸಣ್ಣ ಧೂಳಿನ ಕಣಗಳು ಒಂದನ್ನೊಂದು ದೂರ ತಳ್ಳುತ್ತಾ ನೀರಿನಲ್ಲೇ ತೇಲಾಡಿಕೊಂಡಿರುತ್ತವಂತೆ. ಪಟಿಕ ಬಿದ್ದರೆ ಅವುಗಳ ಬಿಗುಮಾನ ಇಳಿದು, ಒಂದಕ್ಕೊಂದು ಅಂಟಿಕೊಂಡು, ಭಾರವಾಗಿ ತಳ ಸೇರುತ್ತವೆ. ಅಮ್ಮ ಹಿಂದೆ ಹಂಡೆಯ ನೀರಿನಲ್ಲಿ ಪಟಿಕದ ಗಡ್ಡೆಯನ್ನು ಬಳೆಯ ಸದ್ದಾಗುವಂತೆ ಗಿರಗಿರ ತಿರುಗಿಸುತ್ತಿದ್ದದ್ದು ನೆನಪಾಯಿತು. ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿಯಿಂದ ಪಟಿಕ ತಂದು, ಕುಟ್ಟಿ, ಬಕೆಟ್ಟಿನಲ್ಲಿ ಕರಗಿಸಿ ಮಧ್ಯಾಹ್ನ ಸಂಪಿನೊಳಕ್ಕೆ ಸುರಿದು ಬಿದಿರು ಗಳುವಿನಿಂದ ಕಲಕಿದೆ. "ರೀ, ನೀರಿಗೆ ಪಟಿಕ ಹಾಕಿದೀನಿ, ಇನ್ನು ಕೆಲವರು ಪಾಠ ಮಾಡೋದು ಬೇಡ ಅಂತ ಹೇಳಿ" ಎಂದು ಯಜಮಾನರಿಗೆ ಒಪ್ಪಿಸಿ ತರಕಾರಿಗೆ ಹೋದೆ.

ಮರುದಿನ ಬೆಳಿಗ್ಗೆ ಹಾಲು ಒಡೆಯಿತು. ಪಾತ್ರೆ ಹಿಡಿದು ಬೀದಿ ಕೊನೆಯ ಹಾಲಿನ ಬೂತಿಗೆ ಜಗಳಕ್ಕೆ ಹೋದರೆ, ಅಲ್ಲಿ ಅಕ್ಕನೂ ಪಾತ್ರೆ ಹಿಡಿದು ನಿಂತಿದ್ದಾಳೆ! ಅದರಲ್ಲೂ ಒಡೆದ ಹಾಲೇ. ಬೂತಿನ ಗೋವಿಂದಪ್ಪ ಎರಡನ್ನೂ ಇಣುಕಿ ನೋಡಿ, "ಬೀದಿಗೆಲ್ಲ ಇದೇ ಹಾಲು ಕೊಟ್ಟಿದೀನಿ ಕಣಮ್ಮ. ನಿಮ್ಮನೇದು ಮಾತ್ರ ಎರಡೂ ಒಡೆದಿದೆ ಅಂದ್ರೆ, ಹಾಲಿಗೇನ್ ಬೆರೆಸಿದ್ರಿ?" ಎಂದ.

"ಒಂದು ಲೋಟ ನೀರು" ಎಂದೆವು ಇಬ್ಬರೂ ಒಟ್ಟಿಗೆ. ಅದು ನಮ್ಮಮ್ಮನ ಕಾಲದ ಪದ್ಧತಿ.

ಅಕ್ಕ ಬೂತಿನ ಸೂರು ನೋಡುತ್ತಾ, "ಆ ನೀರಿಗೆ ಯಾರಾದ್ರೂ ಪಟಿಕ ಹಾಕಿದ್ರಾ?" ಎಂದಳು.

"ಹಾಕ್ದೆ ಕಣಕ್ಕಾ. ನೀನೂ ಹಾಕಿದ್ಯಾ?"

"ಸಾಯಂಕಾಲ ಲೆಕ್ಕ ಮಾಡಿ ಹಾಕ್ದೆ ಕಣೇ! ಶ್ರೀನಿವಾಸ್ ಹೇಳ್ಲಿಲ್ವಾ? ನೀನೆಷ್ಟು ಹಾಕಿದ್ದೆ?"

"ಕಣ್ಣಂದಾಜು."

ಸರಿ, ಅಕ್ಕ ಒಡೆದ ಹಾಲಿನ ಪಾತ್ರೆ ಹಿಡಿದೇ ಪಾಠ ಶುರು ಮಾಡಿದಳು. ಪಟಿಕ ಹಿತಮಿತವಾಗಿದ್ದರೆ ಕಣಗಳು ಕೂಡುತ್ತವೆ, ಅತಿಯಾದರೆ ಮತ್ತೆ ಮುನಿಸಿಕೊಂಡು ತೇಲುತ್ತವೆ, ನೀರೂ ಹುಳಿಯಾಗುತ್ತದೆ. ಹಾಲಿಗೆ ಬಂದವರೆಲ್ಲ ನಿಂತು ಕೇಳಿದರು. ನನಗೆ ತಲೆಬುಡ ಅರ್ಥವಾಗಲಿಲ್ಲ, ಆದರೆ ಆ ದನಿ ಕೇಳಿ ಎಷ್ಟು ಸಂತೋಷವಾಯಿತೆಂದರೆ ಕಣ್ಣು ತುಂಬಿ ಬಂತು. ಅದನ್ನು ನೋಡಿ ಅವಳು ನಕ್ಕಳು, ನಾನೂ ನಕ್ಕೆ, ಪಾತ್ರೆಯ ಹಾಲು ಇಬ್ಬರ ಸೀರೆಗೂ ಚೆಲ್ಲಿತು.

ಸಂಪು ಖಾಲಿ ಮಾಡಿ ತೊಳೆಸಿ, ಮತ್ತೆ ನೀರು ಬಂದಾಗ ಅಕ್ಕ ಅಳೆದು ಹಾಕಿದಳು, ನಾನು ಕಲಕಿದೆ. ಮೊದಲು ಜೋರಾಗಿ, ಆಮೇಲೆ ನಿಧಾನವಾಗಿ, ಆಮೇಲೆ ಕೈ ಹಚ್ಚಲೇಬಾರದು. ಸಂಪಿನ ಪಕ್ಕ ಎರಡು ಕುರ್ಚಿ ಹಾಕಿಕೊಂಡು, ಯಾರೂ ಮೋಟರು ಹಾಕದಂತೆ ಕಾವಲು ಕೂತೆವು. ಬಾಕಿ ಬಿದ್ದಿದ್ದ ಸುದ್ದಿಯೆಲ್ಲ ಅಲ್ಲೇ ಮುಗಿಯಿತು. ಸಂಜೆಗೆ ಮುಚ್ಚಳ ತೆಗೆದರೆ ಮೇಲೆ ತಿಳಿನೀರು, ತಳದಲ್ಲಿ ಗಸಿ. ಗಸಿ ಕದಡದಂತೆ ಪೈಪನ್ನು ಮೇಲಕ್ಕೆ ಕಟ್ಟಿ ತಿಳಿಯನ್ನಷ್ಟೇ ಟ್ಯಾಂಕಿಗೆ ಏರಿಸಿ, ನಾವಿಬ್ಬರೂ ವಿ.ವಿ. ಪುರಕ್ಕೆ ಹೊರಟೆವು.

ದೋಸೆ ತಿನ್ನುತ್ತಾ, "ಏನೇ ಆದ್ರೂ ಮೊದಲು ಮಾತಾಡಿದ್ದು ನೀನೇ ಅಕ್ಕಾ" ಎಂದೆ. ಅವಳು, "ನಾನು ಕೇಳಿದ್ದು ಗೋವಿಂದಪ್ಪನ್ನ. ನಡುವೆ ಬಾಯಿ ಹಾಕಿದ್ದು ನೀನು" ಎಂದಳು. ದಾರಿಯುದ್ದಕ್ಕೂ ವಾದ ಮಾಡಿದೆ, ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ರಾತ್ರಿಯೆಲ್ಲ ಯೋಚಿಸಿ ನೋಡಿದರೆ ಅವಳು ಹೇಳಿದ್ದೇ ಸರಿ ಅನ್ನಿಸುತ್ತದೆ. ಸೋಲು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಒಪ್ಪಿಕೊಂಡಿದ್ದೇನೆಂದು ಮೇಲಿನವರಿಗೆ ಹೇಳಿ ಬನ್ನಿ ಎಂದು ಈಗ ತಾನೇ ನಮ್ಮ ಯಜಮಾನರನ್ನು ಕಳಿಸಿದ್ದೇನೆ.