ಅಲೆಗಳ ಊರಿಗೆ ಹೋದ ಬ್ಲಾಂಕೆಟ್

ಗಲ್ಫಿನಲ್ಲಿರುವ ನಮ್ಮೂರಿನವರು ಒಬ್ಬರನ್ನೊಬ್ಬರು ಅಳೆಯುವುದು ಸಂಬಳದಿಂದಲ್ಲ, ಹುದ್ದೆಯಿಂದಲೂ ಅಲ್ಲ. ಊರಿಗೆ ಹೊರಟಾಗ ಬೇರೆಯವರ ಪಾರ್ಸೆಲ್ ಒಯ್ಯುತ್ತಾನೋ ಇಲ್ಲವೋ ಎಂಬುದರಿಂದ. ಒಯ್ಯುತ್ತೇನೆ ಎಂದು ನಕ್ಕು, ಬಾಗಿಲು ಹಾಕಿದ ಮೇಲೆ ಹಲ್ಲು ಕಡಿಯುವುದು ನಮ್ಮ ಸಂಪ್ರದಾಯ. ಒಲ್ಲೆ ಎಂದವನನ್ನು ನಾನು ಸೌದಿಯ ಅಲ್ ಖೋಬರಿನ ಈ ಹದಿನೇಳು ವರ್ಷಗಳಲ್ಲಿ ಕಂಡಿಲ್ಲ. ಯಾಕೆಂದರೆ ನಾಳೆ ಅವನ ಪಾರ್ಸೆಲ್ಲೂ ಯಾರದ್ದೋ ಪೆಟ್ಟಿಗೆಯಲ್ಲಿ ಹೋಗಬೇಕಲ್ಲ. ಕಂದು ಟೇಪು ಸುತ್ತಿ, ಮಾರ್ಕರಿನಲ್ಲಿ ಹೆಸರು ಬರೆದು, 'ಹೆಚ್ಚೇನಿಲ್ಲ, ಬರೇ ಎರಡು ಕಿಲೋ' ಎಂದು ನಾಲ್ಕು ಕಿಲೋ ಕೊಡುವವರಿಗೂ, ಅದನ್ನು ಕೈಯಲ್ಲೇ ತೂಗಿ ಸುಳ್ಳು ಹಿಡಿದು ಸುಮ್ಮನಾಗುವವರಿಗೂ ನಡುವೆ ಒಂದು ನಂಬಿಕೆ ಇರುತ್ತದೆ: ಪಾರ್ಸೆಲ್ ತಲುಪುತ್ತದೆ. ಆ ನಂಬಿಕೆಗೆ ದ್ರೋಹ ಮಾಡಿದ ಒಬ್ಬನೇ ಒಬ್ಬ ಮನುಷ್ಯ ನನಗೆ ಗೊತ್ತು. ಅವನು ದಿನಾ ಬೆಳಿಗ್ಗೆ ನನ್ನ ಕನ್ನಡಿಯಲ್ಲಿ ಗಡ್ಡ ಬೋಳಿಸುತ್ತಾನೆ.

ಆರು ವರ್ಷದ ಹಿಂದಿನ ಮಾತು. ಖೋಬರಿನ ಥುಕ್ಬಾ ಬಡಾವಣೆಯಲ್ಲಿ, ನಮ್ಮ ಮನೆಯ ಹಿಂದುಗಡೆಯ ಕಟ್ಟಡದಲ್ಲಿ ಫ್ಲೇವಿಯಕ್ಕ ಇದ್ದಾರೆ, ಕ್ಲಿನಿಕ್ಕಿನಲ್ಲಿ ನರ್ಸ್, ಬಾರ್ಕೂರಿನವರು. ಅವರ ತಮ್ಮ ವಿಲ್ಲಿ ಹಡಗಿನಲ್ಲಿ ಅಡುಗೆಯವನಾಗಿದ್ದು, ಯಾವುದೋ ಬಂದರಿನಲ್ಲಿ ಲುಪಿತಾ ಎಂಬ ಮೆಕ್ಸಿಕೋದ ಹುಡುಗಿಯನ್ನು ಮೆಚ್ಚಿ, ಮದುವೆಗೆಂದು ಊರಿಗೆ ಕರೆತಂದಿದ್ದ. ನಮ್ಮ ಕಡೆ ಹುಡುಗಿಯರಿಗೆ ಬರಗಾಲವೇ ಎಂದು ಫ್ಲೇವಿಯಕ್ಕ ಫೋನಿನಲ್ಲಿ ಎರಡು ತಿಂಗಳು ಕೂಗಾಡಿದರು. ಕೊನೆಗೆ ಮನಸ್ಸು ಕರಗಿತು. ಆದರೆ ಮದುವೆಗೆ ಅವರಿಗೆ ರಜೆ ಸಿಗಲಿಲ್ಲ. ಅದೇ ವಾರ ನನಗೆ ಹಠಾತ್ತಾಗಿ ರಜೆ ಸಿಕ್ಕಿತ್ತು. ಅವರು ಒಂದು ದೊಡ್ಡ ಡಬಲ್ ಬ್ಲಾಂಕೆಟ್ ತಂದು, ರೋಸಿನ ದಿನ, ಅಂದರೆ ಮದುವೆಯ ಮುನ್ನಾದಿನ ಮದುಮಗನಿಗೆ ತೆಂಗಿನ ಹಾಲು ಹಚ್ಚುವ ಹೊತ್ತಿಗೆ, ಅವನ ಕೈಯಲ್ಲೇ ಕೊಡಬೇಕು, ಅಕ್ಕನಿಗೆ ಸಿಟ್ಟಿಲ್ಲ ಎಂದು ಹೇಳಬೇಕು ಎಂದರು. ಕರಾವಳಿಯ ಸೆಕೆಗೆ ಬ್ಲಾಂಕೆಟ್ ಯಾಕೆ ಎಂದು ಯಾರೂ ಕೇಳಬಾರದು. ಅದು ಹೊದೆಯುವ ವಸ್ತುವಲ್ಲ, ಗಲ್ಫಿನ ಪ್ರೀತಿಯನ್ನು ಜಿಪ್ ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಕಳಿಸುವ ವಿಧಾನ.

ನಾನು ಕಲ್ಯಾಣಪುರದ ನಮ್ಮ ಮನೆಗೆ ಹೋಗಿ, ಬ್ಲಾಂಕೆಟನ್ನು ಒಳಕೋಣೆಯಲ್ಲಿಟ್ಟು, ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಅಮ್ಮ ಅದನ್ನು ತೆಗೆದು ತನ್ನ ಮಂಚದ ಮೇಲೆ ಹಾಸಿದ್ದರು. ಹಸಿರು ಬಣ್ಣ, ನಡುವೆ ಎರಡು ನವಿಲು. ಅಮ್ಮ ಅಂಗೈಯಿಂದ ನವಿಲಿನ ಬೆನ್ನು ಸವರುತ್ತಾ, "ನನಗಾ ಮಗಾ?" ಎಂದರು. ಪಕ್ಕದಲ್ಲಿ ಅತ್ತಿಗೆ, ಅಣ್ಣನ ಮಕ್ಕಳು, ನೆರೆಮನೆಯ ಇಬ್ಬರು ಹೆಂಗಸರು ನಿಂತಿದ್ದರು. ನಾನು ಹೌದು ಎಂದೆ.

ಉಡುಪಿಯ ಪೇಟೆಯಲ್ಲಿ ಅಂಥದ್ದೇ ಇನ್ನೊಂದು ಸಿಗುತ್ತಿತ್ತು, ನಿಜ. ಆದರೆ ಗಲ್ಫಿನಿಂದ ಬಂದವನು ಉಡುಪಿಯಲ್ಲಿ ಬ್ಲಾಂಕೆಟ್ ಕೊಳ್ಳುವುದನ್ನು ಗುರುತಿನವರು ಯಾರಾದರೂ ಕಂಡರೆ ಮುಖ ತೋರಿಸುವುದು ಹೇಗೆ? ಜ್ವರ ಎಂದು ಹೇಳಿ ಆ ಮದುವೆಗೇ ಹೋಗಲಿಲ್ಲ. ವಾಪಸು ಬಂದಾಗ ಫ್ಲೇವಿಯಕ್ಕ, ಕೊಟ್ಟೆಯಾ ಎಂದರು. ಕೊಟ್ಟೆ ಎಂದೆ. ಎರಡೇ ಅಕ್ಷರದ ಸುಳ್ಳು. ಅದರಿಂದ ಆದದ್ದು ಮಾತ್ರ ದೊಡ್ಡದು. ಅಕ್ಕ ಒಂದು ಕರ್ಚೀಫನ್ನೂ ಕಳಿಸಲಿಲ್ಲ, ಅವಳ ಸಿಟ್ಟು ಇಳಿದಿಲ್ಲ ಎಂದುಕೊಂಡು ವಿಲ್ಲಿ ಹೆಂಡತಿಯ ಊರಿಗೆ ಹೋದವನು ಫೋನು ಮಾಡುವುದನ್ನೇ ಬಿಟ್ಟ. ಬ್ಲಾಂಕೆಟ್ ಸಿಕ್ಕಿದರೂ ಒಂದು ಮಾತು ಹೇಳದವನಿಗೆ ನಾನ್ಯಾಕೆ ಫೋನು ಮಾಡಲಿ ಎಂದು ಫ್ಲೇವಿಯಕ್ಕನೂ ಬಿಟ್ಟರು. ಪ್ರತಿ ಕ್ರಿಸ್ಮಸ್ಸಿಗೆ ನಮ್ಮ ಮನೆಗೆ ಬಂದು, ಸಿಹಿ ನೆವ್ರಿ ತಿನ್ನುತ್ತಾ, ಬ್ಲಾಂಕೆಟಿನ ಬಣ್ಣ ಅವನಿಗೆ ಹಿಡಿಸಲಿಲ್ಲವೇನೋ ಎನ್ನುತ್ತಿದ್ದರು. ನನ್ನ ಹೆಂಡತಿ ಜೆಸಿಂತಾ ನನ್ನನ್ನು ನೋಡುತ್ತಿದ್ದಳು. ನಾನು ಫ್ಯಾನು ನೋಡುತ್ತಿದ್ದೆ.

ಹೀಗಿರುವಾಗ ಕಳೆದ ವರ್ಷ ನಮ್ಮ ಕಂಪನಿ ಮೆಕ್ಸಿಕೋದ ಒಂದು ಕಾರ್ಖಾನೆಯಿಂದ ಪಂಪುಗಳನ್ನು ತರಿಸಲು ಹೊರಟಿತು. ಅಲ್ಲಿಗೆ ಹೋಗಿ ಕಾಗದಪತ್ರ ಪರಿಶೀಲಿಸಬೇಕಿದ್ದ ಎಂಜಿನಿಯರಿಗೆ ವೀಸಾ ಸಿಗಲಿಲ್ಲ. ಫೈಲುಗಳನ್ನು ಕಪಾಟಿನಲ್ಲಿ ಸಾಲಾಗಿ ಇಡುವುದೇ ಉದ್ಯೋಗವಾದ ನನಗೆ ಸಿಕ್ಕಿತು. ಈ ಸುದ್ದಿಯನ್ನು ನಾನು ಜೆಸಿಂತಾಳಿಗೆ ಮಾತ್ರ ಹೇಳಿದ್ದೆ. ಮರುದಿನ ಸಂಜೆ ಫ್ಲೇವಿಯಕ್ಕ ಬಾಫಾತ್ ಮಸಾಲೆ ಪುಡಿಯ ಎರಡು ಡಬ್ಬಿಗೆ ಟೇಪು ಸುತ್ತಿಕೊಂಡು ಬಂದರು. ತಮ್ಮ ಇರುವುದು ಪ್ವೆರ್ಟೊ ಎಸ್ಕೊಂಡಿಡೊ ಎಂಬ ಸಮುದ್ರದ ಊರಿನಲ್ಲಂತೆ, ಜನ ಹಲಗೆಯ ಮೇಲೆ ನಿಂತು ಅಲೆ ಹತ್ತುವುದಕ್ಕೆ ಪ್ರಪಂಚದ ಮೂಲೆಮೂಲೆಯಿಂದ ಅಲ್ಲಿಗೆ ಬರುತ್ತಾರಂತೆ, ಅವನದು ಅಲ್ಲಿ ಹಲಗೆ ಬಾಡಿಗೆಗೆ ಕೊಡುವ ಅಂಗಡಿಯಂತೆ. ಇಷ್ಟನ್ನು ಅವರು ಯಾರದೋ ಫೋಟೋ ನೋಡಿ ತಿಳಿದುಕೊಂಡಿದ್ದರು. ಕೊನೆಗೆ ಬಾಗಿಲಲ್ಲಿ ನಿಂತು, "ಅವನ ಮುಖ ಒಮ್ಮೆ ಸರಿಯಾಗಿ ನೋಡಿ ಬಾ ಆಲ್ವಿನ್. ಸಪುರ ಆಗಿದ್ದಾನಾ ಅಂತ ಹೇಳು, ಸಾಕು," ಎಂದರು.

ಅವರು ಹೋದ ಮೇಲೆ ಜೆಸಿಂತಾ, ಈಗಲಾದರೂ ಕೆಳಗೆ ಹೋಗಿ ನಿಜ ಹೇಳಿ ಬನ್ನಿ ಎಂದಳು. ನಾನು ಕೆಳಗೆ ಹೋದದ್ದೇನೋ ಹೌದು. ಆದರೆ ಹೋದದ್ದು ಬ್ಲಾಂಕೆಟ್ ಅಂಗಡಿಗೆ. ನವಿಲಿನದ್ದು ಸಿಗಲಿಲ್ಲ, ಅಂಥದ್ದು ಈಗ ಬರುವುದಿಲ್ಲ, ಹುಲಿ ಉಂಟು ಎಂದ ಅಂಗಡಿಯವನು. ಆರು ವರ್ಷದ ಮೇಲೆ ಯಾರಿಗೆ ನೆನಪಿರುತ್ತದೆ ಎಂದು ಹುಲಿಯನ್ನೇ ಕೊಂಡೆ. ಹೆಂಡತಿಗೆ ನನ್ನ ಯೋಜನೆ ವಿವರಿಸಿದಾಗ ಅವಳು, "ನಿಜ ಹೇಳಿದ್ದರೆ ಇಷ್ಟು ಭಾರ ಇರುತ್ತಿರಲಿಲ್ಲ ಮಾರಾಯರೇ," ಎಂದು ಇಸ್ತ್ರಿ ಮಾಡುವುದಕ್ಕೆ ಹೋದಳು.

ಕಾರ್ಖಾನೆಯ ಕೆಲಸ ನಾಲ್ಕು ದಿನದಲ್ಲಿ ಮುಗಿಯಿತು. ಐದನೆಯ ದಿನ ಮುಂಜಾನೆಯ ವಿಮಾನ ಹಿಡಿದು ಆ ಊರಿನಲ್ಲಿ ಇಳಿದೆ. ಬಾಗಿಲು ತೆರೆದ ಕೂಡಲೇ ಮುಖಕ್ಕೆ ಬಡಿದದ್ದು ಅಪ್ಪಟ ಮಲ್ಪೆಯ ಸೆಕೆ. ಅದೇ ತೆಂಗಿನ ಮರ, ಅದೇ ಒಣಮೀನಿನ ವಾಸನೆ, ಬಲೆ ರಿಪೇರಿ ಮಾಡುತ್ತಾ ಕುಳಿತ ಗಂಡಸರ ಮುಖವೂ ಅದೇ. ಅವರಲ್ಲಿ ಇಬ್ಬರನ್ನು ನಾನು ವಿಲ್ಲಿಯೇ ಎಂದು ಭಾವಿಸಿ ಕೊಂಕಣಿಯಲ್ಲಿ ಮಾತಾಡಿಸಿದೆ. ಅವರು ಬಹಳ ಮರ್ಯಾದೆಯಿಂದ ಸ್ಪ್ಯಾನಿಷಿನಲ್ಲಿ ಉತ್ತರ ಕೊಟ್ಟರು. ವ್ಯತ್ಯಾಸವಿದ್ದದ್ದು ಅಲೆಗಳಲ್ಲಿ. ನಮ್ಮೂರಲ್ಲಿ ಅಂಥ ಅಲೆ ಎದ್ದರೆ ದೋಣಿ ಎಳೆದಿಟ್ಟು ಮನೆಗೆ ಹೋಗಿ ಜಪಸರ ಹಿಡಿಯುತ್ತಾರೆ. ಇಲ್ಲಿ ಅಲೆ ದೊಡ್ಡದಾದಷ್ಟೂ ಜನ ಹಲಗೆ ಕಂಕುಳಲ್ಲಿಟ್ಟುಕೊಂಡು ಅದರತ್ತಲೇ ಓಡುತ್ತಿದ್ದರು. ಮೈಮೇಲೆ ಅಂಗೈಯಗಲ ಬಟ್ಟೆ, ಮುಖದ ತುಂಬ ಬಿಳಿ ಮುಲಾಮು. ಅವರ ಮಧ್ಯೆ ಇಸ್ತ್ರಿ ಮಾಡಿದ ಪ್ಯಾಂಟು, ಕಪ್ಪು ಬೂಟು ಹಾಕಿಕೊಂಡು, ಒಂದು ಕೈಯಲ್ಲಿ ಹುಲಿ ಬ್ಲಾಂಕೆಟ್ ಹಿಡಿದು ಮರಳಿನಲ್ಲಿ ನಾನು ನಡೆದೆ.

ಆ ಊರಿನಲ್ಲಿ ಕಂಬಳಿ ಹೊತ್ತುಕೊಂಡು ಸಮುದ್ರತೀರದಲ್ಲಿ ಮಾರುವವರು ಇರುತ್ತಾರೆ ಎಂಬುದು ನನಗೆ ಹೇಗೆ ಗೊತ್ತಿರಬೇಕು? ಮಲಗಿದ್ದ ಒಬ್ಬ ಅಜ್ಜಿ ಕಪ್ಪು ಕನ್ನಡಕ ಎತ್ತಿ ಕ್ರಯ ಕೇಳಿದಳು. ಮಾರುವುದಕ್ಕಲ್ಲ ಎಂದೆ. ಅವಳು ಅದನ್ನು ಚೌಕಾಸಿಯ ಮೊದಲ ಹಂತ ಎಂದುಕೊಂಡಳು. ಅಷ್ಟರಲ್ಲಿ ಹೆಗಲ ಮೇಲೆ ಆರು ಕಂಬಳಿ ಹೊತ್ತ ನಿಜವಾದ ವ್ಯಾಪಾರಿಯೊಬ್ಬ ಬಂದು ನನ್ನ ಹುಲಿಯನ್ನು ಮುಟ್ಟಿ ನೋಡಿ, ತಲೆಯಲ್ಲಾಡಿಸಿ, ನನ್ನನ್ನು ದುರುಗುಟ್ಟಿಕೊಂಡು ನೋಡತೊಡಗಿದ. ಅವನ ಜಾಗಕ್ಕೆ ನಾನು ಬಂದಿದ್ದೆ ಎಂಬುದು ಭಾಷೆ ಬಾರದಿದ್ದರೂ ತಿಳಿಯುತ್ತಿತ್ತು. ಎಂತ ಮಾಡುವುದೆಂದು ತೋಚದೆ ನಿಂತಿರುವಾಗ ಹಿಂದಿನಿಂದ ಯಾರೋ ಕೊಂಕಣಿಯಲ್ಲಿ, ಜಿಪ್ಪಿನ ಬ್ಲಾಂಕೆಟ್ ಹಿಡಿದುಕೊಂಡು ಈ ಬಿಸಿಲಲ್ಲಿ ನಡೆಯುವವನು ನಮ್ಮವನಲ್ಲದೆ ಬೇರೆ ಯಾರಾಗಲು ಸಾಧ್ಯ ಎಂದರು. ತಿರುಗಿದರೆ ವಿಲ್ಲಿ. ಸಪುರ ಆಗಿರಲಿಲ್ಲ. ಫ್ಲೇವಿಯಕ್ಕನ ಮೂಗೇ ಅವನ ಮುಖದಲ್ಲಿತ್ತು.

ಅಂಗಡಿಯಲ್ಲಿ ಕುಳಿತು, ಬಾಫಾತ್ ಡಬ್ಬಿಗಳನ್ನೂ ಬ್ಲಾಂಕೆಟನ್ನೂ ಕೊಟ್ಟು, ನಾನು ಬಾಯಿಪಾಠ ಮಾಡಿದ್ದನ್ನು ಹೇಳಿದೆ. ಅಕ್ಕ ಮದುವೆಗೇ ಇದನ್ನು ಕಳಿಸಿದ್ದರು, ಕಾರ್ಗೋದವರು ಎಲ್ಲೋ ಬಿಟ್ಟು, ಆರು ವರ್ಷದ ಮೇಲೆ ಈಗ ಸಿಕ್ಕಿದೆ. ಅಕ್ಕನಿಗೆ ಸಿಟ್ಟಿಲ್ಲ ಎಂಬ ಮಾತನ್ನೂ ಸೇರಿಸಿದೆ. ಇಡೀ ಭಾಷಣದಲ್ಲಿ ಅದೊಂದೇ ನಿಜ. ವಿಲ್ಲಿ ಚೀಲ ತೆರೆಯಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ಜಿಪ್ಪಿನ ಮೇಲೆ ಕೈಯಾಡಿಸಿದ. ಆಮೇಲೆ ಕಣ್ಣು ಒರೆಸಿಕೊಂಡು, ನಾನು ಎಂಥ ಕತ್ತೆ, ಆರು ವರ್ಷ ಅವಳನ್ನು ಬೈದುಕೊಂಡು ಕಳೆದೆನಲ್ಲ ಎಂದ. ಕತ್ತೆ ಅವನೆದುರಿಗೆ ಕುಳಿತಿತ್ತು. ನಿಜ ಹೇಳಲೆಂದು ಬಾಯಿ ತೆರೆದೆ. ಆದರೆ ಲುಪಿತಾ ಅಷ್ಟರಲ್ಲಿ ಹುರಿದ ಮೀನಿನ ತಟ್ಟೆ ತಂದಿಟ್ಟಳು, ತೆರೆದ ಬಾಯಿಯನ್ನು ಅದಕ್ಕೇ ಉಪಯೋಗಿಸಿದೆ.

ಇಷ್ಟು ದೂರದಿಂದ ಅಕ್ಕನ ಪ್ರೀತಿ ಹೊತ್ತು ತಂದವನಿಗೆ ವಿಲ್ಲಿ ಮಾಡಿದ ಸನ್ಮಾನವೆಂದರೆ ತಾನೇ ಖುದ್ದಾಗಿ ಅಲೆ ಹತ್ತಿಸಿ ಕಲಿಸುವುದು. ಕಲ್ಯಾಣಪುರದವರು, ನಿಮಗೆ ನೀರು ಹೊಸತಾ ಎಂದ. ಸಮುದ್ರದ ಪಕ್ಕ ಹುಟ್ಟಿದ ನನಗೆ ಈಜು ಬರುವುದಿಲ್ಲ ಎಂದು ಹೇಳಲು ನಾಚಿಕೆಯಾಯಿತು. ಅವನ ಚಡ್ಡಿ ಹಾಕಿಕೊಂಡು, ಮಕ್ಕಳು ಕಲಿಯುವ ಸಣ್ಣ ಕೊಲ್ಲಿಯಲ್ಲಿ ಹಲಗೆಯ ಮೇಲೆ ಬೋರಲು ಮಲಗಿದೆ. ಎದ್ದು ನಿಲ್ಲಿ ಎಂದ. ಮೊಣಕಾಲೂರಿದೆ. ಪಾಪನಿವೇದನೆಗೆ ಕೂರುವ ಭಂಗಿಯೇ ಅದು; ಹೇಳಿಬಿಡೋಣ ಎನಿಸಿತು. "ವಿಲ್ಲಿ, ಆ ಬ್ಲಾಂಕೆಟ್..." ಎಂದೆ, ಅಲೆ ಬಂತು. ಮೂಗು, ಕಿವಿ, ಗಂಟಲು ಎಲ್ಲದರಲ್ಲೂ ಉಪ್ಪುನೀರು ತುಂಬಿ, ಮರಳಿನಲ್ಲಿ ಉರುಳಿ, ಒಬ್ಬ ಏಳು ವರ್ಷದ ಹುಡುಗಿಯ ಕಾಲಬುಡದಲ್ಲಿ ಎದ್ದೆ. ಪ್ರಾಯಶ್ಚಿತ್ತ ಆಯಿತು, ದೇವರ ಕಡೆಯಿಂದ ಇಷ್ಟೇ ಎಂದು ಒಂದು ಕ್ಷಣ ಸಮಾಧಾನಪಟ್ಟುಕೊಂಡೆ.

ಮೈ ಒರೆಸುತ್ತಾ ಅಂಗಡಿಗೆ ಬಂದರೆ ವಿಲ್ಲಿ ನನ್ನ ಫೋನಿನಿಂದ ಫ್ಲೇವಿಯಕ್ಕನಿಗೆ ವಿಡಿಯೋ ಕಾಲ್ ಮಾಡಿ ಎಂದು ಕುಳಿತಿದ್ದ. ಖೋಬರಿನಲ್ಲಿ ಆಗ ಸಂಜೆ. ಪರದೆಯಲ್ಲಿ ಅಕ್ಕ, ಇಲ್ಲಿ ತಮ್ಮ. ಇಬ್ಬರೂ ಅತ್ತರು. ಲುಪಿತಾ ಅತ್ತಳು. ನಾನೂ ಅತ್ತೆ, ನನ್ನ ಕಾರಣ ಮಾತ್ರ ಬೇರೆ. ಆಮೇಲೆ ವಿಲ್ಲಿ, ಅಕ್ಕಾ ನಿನ್ನ ಬ್ಲಾಂಕೆಟ್ ಇವತ್ತು ತಲುಪಿತು ನೋಡು ಎಂದು ಜಿಪ್ ಎಳೆದು ಹುಲಿಯನ್ನು ಹೊರತೆಗೆದ. ಫ್ಲೇವಿಯಕ್ಕ ಕನ್ನಡಕ ಹಾಕಿಕೊಂಡರು.

"ಇದು ನಾನು ಕೊಟ್ಟದ್ದಲ್ಲ. ನನ್ನದರಲ್ಲಿ ನವಿಲು ಇತ್ತು. ಹನ್ನೆರಡು ಬ್ಲಾಂಕೆಟ್ ಬಿಡಿಸಿ ನೋಡಿ ಆರಿಸಿದ್ದೇನೆ ನಾನು. ಆಲ್ವಿನ್, ನನ್ನ ನವಿಲು ಎಲ್ಲಿ?"

ಹೇಳಿದೆ. ಸ್ನಾನಕ್ಕೆ ಹೋದದ್ದರಿಂದ ಹಿಡಿದು ಥುಕ್ಬಾದ ಅಂಗಡಿಯವರೆಗೆ, ಬಿಡದೆ ಎಲ್ಲವನ್ನೂ ಹೇಳಿದೆ. ವಿಲ್ಲಿ ನನ್ನನ್ನೇ ನೋಡುತ್ತಿದ್ದ. ಹಲಗೆಯ ಮೇಲೆ ಇನ್ನೊಮ್ಮೆ ಕೂರಿಸಿ ದೊಡ್ಡ ಅಲೆಯ ಕಡೆಗೆ ದೂಡುವ ಯೋಚನೆ ಅವನ ಮುಖದಲ್ಲಿ ಕಾಣುತ್ತಿತ್ತು. ಫ್ಲೇವಿಯಕ್ಕ ಕನ್ನಡಕ ತೆಗೆದಿಟ್ಟು, ನಿನ್ನ ಅಮ್ಮ ಅದನ್ನು ಹೊದೆಯುತ್ತಾರಾ ಎಂದು ಕೇಳಿದರು. ಇಲ್ಲ, ಹಾಸಿಟ್ಟಿದ್ದಾರೆ, ಮನೆಗೆ ಬಂದವರಿಗೆಲ್ಲ ತೋರಿಸುತ್ತಾರೆ, ತಾನು ಮಾತ್ರ ನೆಲದಲ್ಲಿ ಚಾಪೆ ಹಾಕಿ ಮಲಗುತ್ತಾರೆ ಎಂದೆ.

"ಹಾಗಾದರೆ ಅದು ಅಲ್ಲೇ ಇರಲಿ. ತೆಗೆಯಬೇಡ. ಆದರೆ ಯಾರು ಕಳಿಸಿದ್ದು ಅಂತ ನಿನ್ನ ಅಮ್ಮನಿಗೆ ನೀನೇ ಹೇಳಬೇಕು. ಇವತ್ತೇ ಹೇಳು."

ಅಷ್ಟು ಹೇಳಿ ಅವರು ತಮ್ಮನ ಕಡೆ ತಿರುಗಿದರು. ಆಮೇಲೆ ಒಂದು ಗಂಟೆ ಅವರಿಬ್ಬರಿಗೂ ನನ್ನ ನೆನಪು ಬರಲಿಲ್ಲ. ನಾನು ನನ್ನದೇ ಫೋನಿಗಾಗಿ ಕಾಯುತ್ತಾ, ಹುಲಿಯನ್ನು ಮಡಚಿ ಚೀಲಕ್ಕೆ ಹಾಕಲು ಹೆಣಗುತ್ತಾ ಕುಳಿತಿದ್ದೆ. ಫೋನು ಕೈಗೆ ಬಂದ ಮೇಲೆ ಊರಿಗೆ ಹಚ್ಚಿದೆ. ಅಲ್ಲಿ ಊಟ ಮುಗಿದಿತ್ತು. ಒಂದೇ ಉಸಿರಿನಲ್ಲಿ, ಅಮ್ಮಾ ಆ ಬ್ಲಾಂಕೆಟ್ ನಿಮಗೆ ತಂದದ್ದಲ್ಲ ಎಂದುಬಿಟ್ಟೆ.

"ಅದು ನನಗೆ ಗೊತ್ತುಂಟು ಮಗಾ," ಎಂದರು ಅಮ್ಮ. "ಒಳಗೆ ಚೀಟಿ ಇತ್ತಲ್ಲ, ವಿಲ್ಲಿಗೂ ಅವನ ಹೆಂಡತಿಗೂ ಅಂತ. ಎರಡು ದಿನ ಬಿಟ್ಟು ಸಿಕ್ಕಿತು. ಅವರಿಗೆ ನೀನು ಬೇರೆ ಕೊಟ್ಟಿರಬೇಕು ಅಂತ ಎಣಿಸಿದೆ. ಅಷ್ಟು ಜನರ ಎದುರು ನನಗೆ ಅಂತ ಹೇಳಿದೆಯಲ್ಲ, ನಿನ್ನ ಮುಖ ನೋಡಿ ಕೇಳಲಿಕ್ಕೆ ಮನಸ್ಸಾಗಲಿಲ್ಲ."

ಆಮೇಲೆ ಅಮ್ಮ, ಸುಮ್ಮನೆ ನೆನಪಾಯಿತೆಂಬಂತೆ ಕೇಳಿದರು.

"ಹಾಗಾದರೆ ಆ ಸಲ ನೀನು ನನಗೆ ಅಂತ ಎಂತ ತಂದಿದ್ದಿ?"

ಅಮ್ಮಾ, ಇಲ್ಲಿ ನೆಟ್‌ವರ್ಕ್ ಸರಿಯಿಲ್ಲ ಎಂದೆ. ನನಗೆ ಸರಿಯಾಗಿ ಕೇಳುತ್ತಿದೆ ಎಂದರು ಅಮ್ಮ.