ಹತ್ತನೇ ಇಸವಿಯ ಸೊಸೆ

ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ವರ್ಗವಾಗಿ ಬಂದ ಎಂಟು ದಿನದಲ್ಲಿ ನಮ್ಮ ಯಜಮಾನರು ಆರು ದಿನ ರಾತ್ರಿ ಉಪವಾಸ ಮಲಗಿದರು. ವ್ರತವಲ್ಲ, ಬೀದಿಯ ಬಾವಿಯ ಮಹಿಮೆ. ನಾವು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಆ ಬಾವಿಯಲ್ಲೋ ಹಿರಿಯರಿಗೇ ಮೊದಲ ನೀರು. ಕುಳ್ಳಗೆ, ತೆಳ್ಳಗಿರುವ ನನ್ನನ್ನು ಕಂಡು "ನೀ ಚಿಕ್ಕೋಳು, ನಿಂತ್ಕೊ ಮಗ" ಎಂದು ಎಲ್ಲರೂ ಮುಂದೆ ನುಗ್ಗುವರು. ನನ್ನ ಸರದಿ ಬಂದು, ಬಟ್ಟೆಯಲ್ಲಿ ನೀರು ಸೋಸಿ ತುಂಬಿಕೊಳ್ಳುವಷ್ಟರಲ್ಲಿ ಕತ್ತಲು. (ಬೆಳಗಿನ ನೀರು ಸಂಜೆಗೆ ಕೂಡದು ಎಂದು ಊರಲ್ಲೇ ಉಳಿದ ಅತ್ತೆಯವರ ಕಟ್ಟಪ್ಪಣೆ.)

"ಸ್ವಲ್ಪ ವಯಸ್ಸಾದವಳ ಹಾಗೆ ಕಾಣಬಾರದೇನೇ?" ಎಂದರು ಹಸಿದ ಪತಿದೇವರು.

ನನಗೆ ಜ್ಞಾನೋದಯವಾಯಿತು. ಮರುದಿನ ಪಕ್ಕದ ಮನೆಯ ದೊಡ್ಡತಾಯಮ್ಮ ಬಾವಿಕಟ್ಟೆಯಲ್ಲಿ "ಏಸು ವರ್ಸ ಮಗ ನಿಂಗೆ?" ಎಂದು ಕೇಳಿದಾಗ ಸಿದ್ಧಳಾಗಿದ್ದೆ.

"ವರ್ಷ ಯಾರಿಗೆ ನೆನಪು? ನಮ್ಮಲ್ಲಿ ಬೆಳಗೊಳದ ಮಹಾಮಸ್ತಕಾಭಿಷೇಕದ ಲೆಕ್ಕ. ಹೋದ ವರ್ಷದ್ದು ಬಿಡಿ, ಹತ್ತನೇ ಇಸವಿಯದಕ್ಕೇ ನಾನು ಸೊಸೆಯಾಗಿ ಕೊಡ ಹೊತ್ತಿದ್ದೆ."

ಹತ್ತನೇ ಇಸವಿಯಲ್ಲಿ ನಾನು ಹುಟ್ಟಿರಲೇ ಇಲ್ಲ. ದೊಡ್ಡತಾಯಮ್ಮ ಬೆರಳೆಣಿಸಿ, "ಐವತ್ತರ ಅತ್ರ. ಗಟ್ಟಿ ಮೈ ಕಣವ್ವಾ" ಎಂದರು. ಅಂದಿನಿಂದ "ಮಗ" ಹೋಗಿ "ಅವ್ವಾ" ಬಂತು. ಕೊಡಗಳೆಲ್ಲ ಸರಿದು ದಾರಿ ಬಿಟ್ಟವು. ನಾಲ್ಕು ದಿನ ನಮ್ಮವರು ಬಿಸಿಲಿರುವಾಗಲೇ ತೇಗಿದರು.

ಐದನೆಯ ದಿನ ದೊಡ್ಡತಾಯಮ್ಮ ವೀಳ್ಯದೆಲೆ, ತೆಂಗಿನಕಾಯಿ ಹಿಡಿದು ಬಂದರು.

"ನಿಮ್ಮೋರೇ ಕಣವ್ವಾ, ಚನ್ನರಾಯಪಟ್ಣದ ಜಿನ್ನಪ್ಪೋರ ಮಗಳು. ನಿಮ್ಮ ಮಗನಿಗೆ ಏಳಿ ಮಾಡಿಸ್ದಂಗವಳೆ."

"ಯಾವ ಮಗ?"

"ಅದೇ, ದಿನಾ ತಾಲ್ಲೂಕಾಪೀಸಿಗೆ ಓಯ್ತದಲ್ಲ, ಆ ಉಡುಗ. ಯಜಮಾನ್ರು ಅರಕಲಗೂಡಲ್ಲೇ ಉಳ್ಕಂಡವ್ರಾ?"

ನನ್ನ ಕೈಲಿದ್ದ ಮೊರ ಜಾರಿ ಅಕ್ಕಿಯೆಲ್ಲ ನೆಲದ ಪಾಲಾಯಿತು.

"ಅವರು... ನಮ್ಮ ಯಜಮಾನರು."

ದೊಡ್ಡತಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಸಿದು ಕೂತರು. ಮಾನ ಉಳಿಸಿಕೊಳ್ಳಲು ನಾನು ಬಡಬಡಿಸಿದೆ: "ನನಗಿನ್ನೂ ಮೂವತ್ತು. ನೀರಿನ ಆಸೆಗೆ ಸುಳ್ಳು ಹೇಳಿದೆ. ಹತ್ತನೇ ಇಸವಿಯಲ್ಲಿ ನಾನು ಹುಟ್ಟೇ ಇರಲಿಲ್ಲ."

ಅವರು ನನ್ನ ಬೆನ್ನು ಸವರಿದರು. "ಬುಡವ್ವಾ. ಗಂಡ ಚಿಕ್ಕೋನಾದ್ರೆ ಎಂಗ್ಸು ಅಂಗೇ ಏಳ್ಬೇಕು, ಇನ್ನೇನು ಮಾಡೀಯೆ?" ಎಂದು ಎಲೆ, ಕಾಯಿ ಎತ್ತಿಕೊಂಡು ಹೊರಟೇಬಿಟ್ಟರು. ಜೀವಮಾನದಲ್ಲಿ ಮೊದಲ ಸಲ ನಿಜವಾದ ವಯಸ್ಸು ಹೇಳಿದ್ದೆ, ನಂಬುವ ಪ್ರಾಣಿಯಿಲ್ಲ. ನನಗೆ ಅಳುವೇ ಬಂತು.

ಮರುದಿನ ಸಂಜೆ ನೋಡುತ್ತೇನೆ, ಜಗಲಿಯ ಮೇಲೆ ನಮ್ಮವರು, ಸುತ್ತ ಬೀದಿಯ ನಾಲ್ವರು ಹೆಂಗಸರು, ನಡುವೆ ಅವರು ತಂದ ಒಂದು ತಟ್ಟೆ ಕೊಬ್ಬರಿ ಮಿಠಾಯಿ. ದೊಡ್ಡತಾಯಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು.

"ಪಾಪ, ಬಾಳಿ ಬದುಕೋ ಉಡುಗ. ಯಾರಪ್ಪಾ ನಿಂಗೆ ಈವಮ್ಮನ್ನ ಕಟ್ಟಿದ್ದು?"

ನಮ್ಮವರು ಸತ್ಯವ್ರತ ಹಿಡಿದವರು, ತಮಾಷೆಗೂ ಸುಳ್ಳಾಡರು. ಈಗ ನನ್ನ ಮಾನ ಉಳಿಯುತ್ತದೆಂದು ಬಾಗಿಲಲ್ಲೇ ನಿಂತೆ. ಅವರು ನನ್ನ ಕಡೆ ಒಮ್ಮೆ ನೋಡಿ ದೀರ್ಘವಾಗಿ ನಿಟ್ಟುಸಿರು ಬಿಟ್ಟರು.

"ಹಿರಿಯರು ನೋಡಿ ಮಾಡಿದ ಮದುವೆ, ತಾಯೀ" ಎಂದು ಇನ್ನೊಂದು ಮಿಠಾಯಿ ತೆಗೆದುಕೊಂಡರು.