ನಾನು ಕತ್ತರಿಸಿದ ವಾಷರ್

ನಲವತ್ತೈದು ವರ್ಷದ ಹಿಂದಿನ ಮಾತು, ನನಗಾಗ ಮೂವತ್ತೆಂಟು. ಜಂಬದ ಮಾತೇ, ಮೊದಲೇ ಹೇಳಿಬಿಡುತ್ತೇನೆ. ದೊಡ್ಡವರು ತಮ್ಮ ದೊಡ್ಡಸ್ತಿಕೆಯನ್ನು ಬೇರೆಯವರ ಬಾಯಿಂದ ಹೇಳಿಸುತ್ತಾರಂತೆ. ನನಗೆ ಅಷ್ಟು ಪುರಸೊತ್ತಿಲ್ಲ.

ನ್ಯಾಮತಿಯಲ್ಲಿ ಬೇಸಿಗೆ ಬಂತೆಂದರೆ ನಮ್ಮ ಓಣಿಯ ಏಳು ಮನೆಯ ಸಂಡಿಗೆ ಒಣಗುತ್ತಿದ್ದದ್ದು ನಮ್ಮ ಮಾಳಿಗೆಯ ಮೇಲೆ. ಬಿಸಿಲು ಎಲ್ಲರ ಮಾಳಿಗೆಗೂ ಬೀಳುತ್ತಿತ್ತು, ಕೋತಿಗಳೂ ಎಲ್ಲ ಕಡೆ ಬರುತ್ತಿದ್ದವು. ಆದರೆ ಏರ್ ಗನ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಕೊಂಡವರು ಯಜಮಾನರು, ಹೊಡೆಯುತ್ತಿದ್ದವಳು ನಾನು. ಕೋತಿಗೆ ತಾಗಿಸುತ್ತಿರಲಿಲ್ಲ, ಹನುಮಪ್ಪನ ವಂಶ. ಕಟ್ಟೆಯ ಮೇಲಿಟ್ಟ ಹಳೇ ತಗಡಿಗೆ ಹೊಡೆದರೆ ಢಣ್ ಅನ್ನುತ್ತಿತ್ತು, ಅವು ಓಡುತ್ತಿದ್ದವು. ಯಾರ ಸಂಡಿಗೆ ಗೋಡೆಯ ಪಕ್ಕ, ಯಾರದ್ದು ನಡುವೆ, ಎಲ್ಲ ನಾನು ಹೇಳಿದ ಹಾಗೆ. ಪಂಚಾಯ್ತಿ ಚೇರ್ಮನ್ನರಿಗೂ ಅಷ್ಟು ಮರ್ಯಾದೆ ಇರಲಿಲ್ಲ.

ಒಂದು ದಿನ ಗನ್ನಿನ ಕುದುರೆ ಒತ್ತಿದರೆ ಗುಂಡು ಎಲೆಯಡಿಕೆ ಉಗುಳಿದ ಹಾಗೆ ನನ್ನ ಕಾಲ ಬಳಿಯೇ ಬಿತ್ತು. ಗಡವ ಕೋತಿಯೊಂದು ಅದನ್ನು ಬಗ್ಗಿ ನೋಡಿ, ಎದುರು ಮನೆ ರುದ್ರಮ್ಮನ ಸಂಡಿಗೆಯ ಮುಂದೆ ಬೀಗರಂತೆ ಕೂತು ನಿಧಾನವಾಗಿ ತಿಂದಿತು.

ಯಜಮಾನರು ಬಿಚ್ಚಿ ನೋಡಿದರು. ಒಳಗೆ ಗಾಳಿ ತಳ್ಳುವ ಚರ್ಮದ ವಾಷರ್ ಒಣಗಿ ಹರಿದಿತ್ತು. ಹೊನ್ನಾಳಿ, ಚನ್ನಗಿರಿ ಸುತ್ತಿ ಬಂದು, "ಎಲ್ಲೂ ಇಲ್ಲ ಕಣೇ. ಕಂಪನಿಯಿಂದ ಬರ್ಬೇಕಂತೆ, ಮೂರು ತಿಂಗ್ಳಾಗ್ತೈತಂತೆ" ಎಂದು ಕೂತರು.

ರುದ್ರಮ್ಮ ಬಂದಳು. "ಅಕ್ಕಾ, ಬೇಜಾರ್ ಮಾಡ್ಕಬ್ಯಾಡ. ನಾವೆಲ್ಲ ಮೂಲೆಮನೆ ಶಾಂತಮ್ಮರ ಮಾಳಿಗೆಗೆ ಹೋಗ್ತೀವಿ. ಅವ್ರು ಸಂಡಿಗೆ ಮೇಲೆ ಹಾಕಾಕೆ ಬಲೆ ತಂದವ್ರೆ."

"ನಾಳೆ ಒಂದಿನ ನೋಡು, ಆಮೇಲೆ ಎಲ್ಲಿಗಾದ್ರೂ ಹೋಗು" ಎಂದೆ. ನಾಳೆ ಏನು ಮಾಡುವುದೆಂದು ನನಗೂ ಗೊತ್ತಿರಲಿಲ್ಲ.

ಚಹಾ ಇಡೋಣವೆಂದು ಪಂಪ್ ಸ್ಟೋವ್ ಒತ್ತಿದರೆ ಅದೂ ಗಾಳಿ ಹಿಡಿಯಲಿಲ್ಲ. ಅದರ ವಾಷರ್ ತೆಗೆದು, ಎಣ್ಣೆಯಲ್ಲಿ ನೆನೆಸಿ, ಬಾಯಿ ಅಗಲಿಸಿ ಹಾಕುವುದು ನನಗೆ ವಾರಕ್ಕೊಮ್ಮೆಯ ಕೆಲಸ. ಅದನ್ನು ಕೈಯಲ್ಲಿ ಹಿಡಿದವಳು ಹಾಗೇ ನಿಂತೆ. ಗನ್ನಿನದೂ ಇದೇ ಥರದ ಚರ್ಮದ ಬಟ್ಟಲು, ಸ್ವಲ್ಪ ದೊಡ್ಡದು, ಅಷ್ಟೇ! ಮೂರು ತಿಂಗಳು ಯಾಕೆ ಬೇಕು?

ಯಜಮಾನರ ಹೊಸ ಚಪ್ಪಲಿಗೆ ಕತ್ತರಿ ಹಾಕಿದೆ.

"ಲೇ ಲೇ, ಮದುವೆಗೆ ಹೋಗಾಕೆ ಇಟ್ಟಿದ್ದು ಕಣೇ ಅದು!"

"ಬರಿಗಾಲಲ್ಲಿ ಹೋಗ್ರಿ. ಊಟ ಹಾಕ್ದೆ ಕಳಿಸ್ತಾರೇನು?"

ಚರ್ಮವನ್ನು ದುಂಡಗೆ ಕತ್ತರಿಸಿ, ನೆನೆಸಿ, ಹಿತ್ತಾಳೆಯ ಗಿಂಡಿಯ ಬಾಯಿಗೆ ಒತ್ತಿ ಬಟ್ಟಲು ಮಾಡಿದೆ. ಗನ್ನಿಗೆ ಅಳತೆ ಮಾಡಿದ ಹಾಗೆ ಕೂತಿತು. "ಎಣ್ಣೆ ಎರಡು ಹನಿ ಸಾಕು" ಎಂದರು ಯಜಮಾನರು. ಚನ್ನಗಿರಿಯಿಂದ ಬರಿಗೈಲಿ ಬಂದವರ ಮಾತು ಯಾರು ಕೇಳುತ್ತಾರೆ? ಸೌಟಿನ ತುಂಬ ಹರಳೆಣ್ಣೆ ಹುಯ್ದೆ.

ಮರುದಿನ ಬೆಳಿಗ್ಗೆ ಏಳು ಮನೆಯ ಹೆಂಗಸರೂ ಮಾಳಿಗೆಯ ಮೇಲೆ ಸಂಡಿಗೆ ಹರವಿ ನಿಂತರು. ಕೋತಿಗಳು ಬಂದವು. ತಗಡಿಗೆ ಗುರಿಯಿಟ್ಟು ಕುದುರೆ ಒತ್ತಿದೆ. ಹೆಚ್ಚಾದ ಎಣ್ಣೆ ಒಳಗೇ ಹೊತ್ತಿಕೊಂಡು ಗರ್ನಾಲು ಸಿಡಿದಂತೆ ಸದ್ದು, ಓಣಿ ತುಂಬ ಹರಳೆಣ್ಣೆಯ ಹೊಗೆ! ತಗಡು ತೂತಾಯಿತಂತೆ, ಕೋತಿಗಳು ಹೊಳೆ ದಾಟಿ ಹೋದವಂತೆ, ಒಂದು ಸಂಡಿಗೆಯೂ ಹೋಗಲಿಲ್ಲವಂತೆ. ಇಷ್ಟನ್ನು ಮಾತ್ರ ನಾನು ರುದ್ರಮ್ಮನ ಬಾಯಿಂದಲೇ ಕೇಳಬೇಕಾಯಿತು. ಏಕೆಂದರೆ, ಕೋತಿಗಳಿಗಿಂತ ಮೊದಲು ಏಣಿ ಇಳಿದು, ನಾನು ಕೊಟ್ಟಿಗೆಯಲ್ಲಿ ಎಮ್ಮೆಯ ಹಿಂದೆ ನಿಂತಿದ್ದೆ.